ಹುಳದ ಮನೆ ಹೊಕ್ಕ ಹಸಿರು ಹಾಳೆ

ಮನೋಹರನ ಹಸಿರು ಹಾಳೆ ಮೊಟ್ಟಮೊದಲು ಲೋಕಾರ್ಪಣೆಯಾದದ್ದು ಫ್ಯಾಕ್ಟರಿ ಮಾಲೀಕರ ಬಲಗೈ ಮೇಲೆ!

ಹಾರೋಹಳ್ಳಿಯ ಒಂದು ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ಅವನು ಕೆಮಿಸ್ಟ್. ಮೆಕ್ಕೆಜೋಳದ ಗಂಜಿಗೆ ಹಿಪ್ಪುನೇರಳೆ ಸೊಪ್ಪಿನ ರಸ ಬೆರೆಸಿ, ತೆಳ್ಳಗೆ ಹರಡಿ ಒಣಗಿಸಿ, ಪ್ಲಾಸ್ಟಿಕ್ಕಿನಂಥದೇ ಹಾಳೆ ಮಾಡಿದ್ದ. ಸೊಪ್ಪಿನಲ್ಲಿರುವ ಆಂಟಿಆಕ್ಸಿಡೆಂಟ್ ತಿಂಡಿಯನ್ನು ಕೆಡದಂತೆ ಕಾಯುತ್ತದೆ. ಎಸೆದರೆ ಹಾಳೆ ಮಣ್ಣಲ್ಲಿ ಮಣ್ಣಾಗುತ್ತದೆ. "ಪ್ಲಾಸ್ಟಿಕ್ಕಿನ ಕಥೆ ಮುಗೀತು ಸಾರ್!" ಎಂದು ಘೋಷಿಸಿ, ಕ್ಯಾಂಟೀನಿನ ಬಿಸಿ ಮುದ್ದೆಯನ್ನು ಅದರಲ್ಲಿ ಸುತ್ತಿ ಮಾಲೀಕರ ಕೈಗಿತ್ತ. ಹಬೆ ತಾಗಿದ್ದೇ ತಡ, ಹಾಳೆ, ಮುದ್ದೆ, ಮಾಲೀಕರ ಬೆರಳುಗಳು ಎಲ್ಲವೂ ಅಂಟಿಕೊಂಡು ಅವಿಭಕ್ತ ಕುಟುಂಬವಾದವು!

ನಲ್ಲಿಯ ಕೆಳಗೆ ಕೈ ಉಜ್ಜಿಕೊಳ್ಳುತ್ತಲೇ ಮಾಲೀಕರು ತೀರ್ಪು ಕೊಟ್ಟರು. "ಭಾನುವಾರ ಚನ್ನಪಟ್ಟಣದ ಮಿಠಾಯಿ ಅಂಗಡಿ ಮುಕ್ತಿಯಾರ್ ಸಾಹೇಬ್ರು ಹಾಳೆ ನೋಡೋಕೆ ನಿನ್ ಮನೆಗೇ ಬರ್ತಾರೆ. ಅವರು ಹೂಂ ಅಂದ್ರೆ ಹಾಳೆ ಉಳೀತು. ಊಹೂಂ ಅಂದ್ರೆ, ಸೋಮವಾರದಿಂದ ನೀನು ಪ್ಲಾಸ್ಟಿಕ್ ಕವರ್ ಸೆಕ್ಷನ್‌ಗೆ!"

ಪ್ಲಾಸ್ಟಿಕ್ಕಿನ ಪರಮವೈರಿಗೆ ಇದಕ್ಕಿಂತ ದೊಡ್ಡ ಗಡೀಪಾರು ಉಂಟೆ?

ಮತ್ತೆ ಹಾಳೆ ಮಾಡಿದ. ಈ ಸಲ ಅಂಟಲಿಲ್ಲ; ಬದಲಿಗೆ ಒಣಹವೆಗೆ ಹಪ್ಪಳದಂತೆ ಮುರಿಯತೊಡಗಿತು. ಒಂದಿಷ್ಟು ತಂಪು, ಒಂದಿಷ್ಟು ತೇವ ಬೇಕು. ಕೈಲಾಂಚ ಹಳ್ಳಿಯ ಅತ್ತೆಮನೆಯಲ್ಲೇ ಅವನ ಬಿಡಾರ. ಅಲ್ಲಿ ಅಂಥ ಜಾಗ ಒಂದೇ, ಅತ್ತೆ ಅಂಬುಜಮ್ಮ ರೇಷ್ಮೆ ಸಾಕುವ ಹುಳದ ಮನೆ. ಹೊರಗಿನ ಒಂದು ಕಡ್ಡಿಯೂ ಒಳಗೆ ಬರಕೂಡದೆಂಬುದು ಅಂಬುಜಮ್ಮನ ಶಾಸನ. ಶನಿವಾರ ಸಂಜೆ ಅತ್ತೆ ಹಾಲಿನ ಡೇರಿಗೆ ಹೋದ ಹೊತ್ತು ನೋಡಿ, ಅಳಿಯ ಕಳ್ಳನಂತೆ ಹೊಕ್ಕು ಅಷ್ಟೂ ಹಾಳೆಗಳನ್ನು ಅಲ್ಲಿದ್ದ ಹಗ್ಗಕ್ಕೆ ನೇತುಹಾಕಿ ಬಂದ.

ಭಾನುವಾರ ಬೆಳಿಗ್ಗೆ ಹೋಗಿ ನೋಡುತ್ತಾನೆ, ಹಗ್ಗ ಬೋಳು!

"ಅತ್ತೆ, ಇಲ್ಲಿದ್ದ ಹಾಳೆ?"

"ಯಾವ್ದು, ಆ ಹಸ್ರು ಮೇಣದ್ ಕಾಗ್ದವಾ? ನಮ್ ರಮ್ಯಾ ತಂದಾಕವಳೆ ಅಂದ್ಕಂಡು ರಾತ್ರಿ ಮರಿಹುಳಕ್ಕೆ ಹೊದ್ದಿಸ್ದೆ."

ಎಳೆಯ ಹುಳಗಳಿಗೆ ಹಾಕಿದ ಸೊಪ್ಪು ಬಾಡದಿರಲೆಂದು ತಟ್ಟೆಗಳ ಮೇಲೆ ಮೇಣದ ಕಾಗದ ಹೊದಿಸುವುದು ವಾಡಿಕೆ. ಆ ಕಾಗದ ಒಣಗಿಸುವ ಹಗ್ಗಕ್ಕೇ ಈ ಮಹಾಶಯ ತನ್ನ ಭವಿಷ್ಯವನ್ನು ನೇತುಹಾಕಿದ್ದ!

ತಟ್ಟೆಯತ್ತ ಬಗ್ಗಿ ನೋಡಿದ. ಹಾಳೆಯ ತುಂಬ ತೂತು. ಸಂಶೋಧನೆ ಹೋಗಿ ಜರಡಿಯಾಗಿತ್ತು! ಹೊದ್ದ ಹೊದಿಕೆಯನ್ನೇ ಹುಳಗಳು ಮೇದಿದ್ದವು.

ಹೆಂಡತಿ ರಮ್ಯಾ ಓಡಿಬಂದಳು. "ರೀ, ಅದಕ್ಕೆ ಏನೇನ್ ಔಷ್ದಿ ಸುರ್ದಿದ್ದೀರ?"

"ಗಂಜಿ, ಸೊಪ್ಪು, ಒಂದು ತೊಟ್ಟು ಗ್ಲಿಸರಿನ್. ತಿಂದರೂ ಏನೂ ಆಗಲ್ಲ ಕಣೆ!"

"ಒಂದ್ ಹುಳ ಸತ್ರೂ ನಿಮ್ಮುನ್ನ ಅದೇ ಹಾಳೇಲಿ ಸುತ್ತಿ ಮಾಲೀಕರ ಮನೆಗೆ ಪಾರ್ಸಲ್ ಮಾಡ್ತೀನಿ!"

ಮೂವರೂ ತಟ್ಟೆಯ ಮೇಲೆ ಬಗ್ಗಿದರು. ಒಂದು ಹುಳ ತಲೆ ಎತ್ತಿತು. ಇನ್ನೊಂದು ಹೊರಳಿತು. ಆಮೇಲೆ ಇಡೀ ತಟ್ಟೆಯೇ ಮಿಜಿಮಿಜಿ ಎಂದಿತು. ಮನೋಹರನಿಗೆ ಹೋದ ಜೀವ ಬಂತು. ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟರಿನ ಸದ್ದು!

ಮುಕ್ತಿಯಾರ್ ಸಾಹೇಬರು ಬಾದೂಷಾ ಡಬ್ಬಿ ಹಿಡಿದೇ ಇಳಿದರು. "ಎಲ್ಲಿ ಸಾರ್ ನಿಮ್ಮ ಹಾಳೆ? ನನ್ನ ಕೈಯಾರೆ ಮಿಠಾಯಿ ಸುತ್ತಿ ನೋಡ್ಬೇಕು."

ಸುತ್ತಲು ಇಡೀ ಹಾಳೆ ಒಂದಾದರೂ ಇದ್ದರಲ್ಲವೆ? ಹಾಳೆ ಹಾಳಾಗಿ ಹೋಗಿದೆ ಎನ್ನುವಂತೆಯೂ ಇರಲಿಲ್ಲ. ಬೇರೆ ದಾರಿ ಕಾಣದೆ ಹುಳಕ್ಕೆ ಸೋಂಕು ತಾಗದಂತೆ ಅತಿಥಿಯ ಕೈಕಾಲು ಬ್ಲೀಚಿಂಗ್ ನೀರಲ್ಲಿ ತೊಳೆಸಿ, ಅಂಬುಜಮ್ಮನ ಉರಿಗಣ್ಣಿನ ಮುಂದೆಯೇ ಹುಳದ ಮನೆಗೆ ಕರೆದೊಯ್ದ.

"ನೋಡಿ ಸಾರ್! ಕೂಸಿನಂಥ ಹುಳಗಳು, ಬೀಡಿ ಹೊಗೆ ತಾಕಿದರೂ ಸಾಯೋ ಜೀವ. ಹಾಳೆ ತಿಂದೂ ಹೆಂಗೆ ಆಡ್ತಾವೆ ನೋಡಿ! ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾ?"

"ಅರೆ, ವಿಷ ಇಲ್ಲ, ಒಪ್ಪಿದೆ. ಆದ್ರೆ ನನ್ನ ಗಿರಾಕಿ ಹುಳ ಅಲ್ವಲ್ಲ ಸಾರ್! ಒಳಗಿನ ಮಾಲು ಕೆಡದೆ ಇರತ್ತಾ, ಅದು ಹೇಳಿ."

ಸಾಹೇಬರು ಜರಡಿ ಹಾಳೆಯನ್ನು ಎರಡು ಬೆರಳಲ್ಲಿ ಮೆಲ್ಲನೆ ಎತ್ತಿದರು. ಕೆಳಗೆ ಸೊಪ್ಪು! ಪಚ್ಚೆ ಹಸಿರು, ಮುಟ್ಟಿದರೆ ಮುರಿಯುವಂತಿತ್ತು. ಸಾಹೇಬರು ಒಂದು ಎಲೆ ಮುರಿದರು. ಮೂಸಿದರು. ಹುಬ್ಬೇರಿಸಿದರು.

"ಇದು ರಾತ್ರಿ ಹಾಕಿದ್ದಾ?"

"ರಾತ್ರಿದೇ ಸಾರ್!" ಮನೋಹರ ಎದೆಯುಬ್ಬಿಸಿದ. "ಆಂಟಿಆಕ್ಸಿಡೆಂಟ್! ಬೆಳಗಾದರೂ ಬಾಡಿಲ್ಲ. ಎಲೆಯೇ ಇಷ್ಟು ತಾಜಾ ಇದ್ದರೆ ನಿಮ್ಮ ಬಾದೂಷಾ ಕಥೆ ಕೇಳಬೇಕೆ!"

"ವಾಹ್! ಹಾಗಾದ್ರೆ ನಾಳೆನೇ ಕೆಲಸ ಶುರು ಮಾಡಿಸ್ತೀನಿ." ಸಾಹೇಬರು ಮಾಲೀಕರಿಗೆ ಹೇಳಲು ಮೊಬೈಲು ತೆಗೆದರು. ನಂಬರು ಒತ್ತುವ ಮೊದಲು, ವ್ಯಾಪಾರದ ಬುದ್ಧಿ ನೋಡಿ, ಬಾಗಿಲಲ್ಲಿ ನಿಂತ ಅಂಬುಜಮ್ಮನತ್ತ ತಿರುಗಿದರು. "ಅಮ್ಮಾ, ಹುಳ ಸಾಕೋರು ನೀವು, ನೀವೇ ಹೇಳ್ಬೇಕು. ಹುಳ ಎಂದೂ ಹಾಳೆ ತಿನ್ನಲ್ವಲ್ಲ. ಇಷ್ಟು ಒಳ್ಳೆ ಸೊಪ್ಪು ಬಿಟ್ಟು ಇದನ್ನ ಯಾಕೆ ತಿಂದ್ವು? ಅಷ್ಟು ರುಚಿಯಾ?"

ಅಂಬುಜಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು.

"ರುಚಿ ಎಲ್ ಬಂತಪ್ಪ? ಈ ಸೊಪ್ಪು ಬೆಳಿಗ್ಗೆ ಎದ್ದೇಟ್ಗೆ ಕುಯ್ಕಂಬಂದು ಹಾಕಿ, ಮ್ಯಾಲೆ ಅದೇ ಹಾಳೆ ಮುಚ್ಚಿವ್ನಿ. ರಾತ್ರಿ ಹಾಕಿದ್ದು ಆ ಹಾಳೆ ಅಡೀಲಿ ಬಾಡಿ ತರಗಾಗೋಗಿತ್ತು, ಹುಳ ಮೂಸೂ ನೋಡ್ನಿಲ್ಲ. ಹೊಟ್ಟೆ ಹಸ್ದು, ಗತಿ ಇಲ್ದೆ ಹಾಳೆ ತಿಂದವೆ!"