ಮಾವನ ಕಾಡ್ಗಿಚ್ಚಿನ ಪಂಪು

ನಮ್ಮ ಸೋದರಮಾವನ ಮನೆಯಲ್ಲಿ ಇದ್ದವರು ಮೂವರು: ಮಾವ, ಅತ್ತೆ ಮತ್ತು ಒಂದು ಪಂಪು. ಇವರಲ್ಲಿ ದಿನಾ ಎಣ್ಣೆಸ್ನಾನವಾಗುತ್ತಿದ್ದುದು ಪಂಪಿಗೆ ಮಾತ್ರ!

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಕೊಡಿಗೇನಹಳ್ಳಿಗೆ ಹೊಸ ಮೇಷ್ಟ್ರಾಗಿ ಬಂದು ಅವರ ಮನೆಯಲ್ಲೇ ಬಿಡಾರ ಹೂಡಿದ್ದೆ. ಅತ್ತೆಗೆ ಹೊಲಿಗೆ ಯಂತ್ರ ತರುತ್ತೇನೆಂದು ಶಿರಾದ ಗುಜರಿ ಅಂಗಡಿಗೆ ಹೋದ ಮಾವ, ಬಸ್ಸಿನ ಟಾಪಿನಿಂದ ಇಳಿಸಿದ್ದು ಕಾಡ್ಗಿಚ್ಚು ಆರಿಸುವ ಹಳೇ ವಿಲಾಯತಿ ಪಂಪು. ಬೆನ್ನಿಗೆ ಕಟ್ಟಿಕೊಳ್ಳಲು ಬೆಲ್ಟು ಬೇರೆ!

"ಇದ್ರಾಗೆ ರವಿಕೆ ಹೆಂಗ್ರೀ ಹೊಲಿಯೋದು?" ಎಂದರು ಅತ್ತೆ.

ಮಾವ ಇತಿಹಾಸ ಬಿಚ್ಚಿದರು. "ಮೊದ್ಲು ಬೆಂಕಿ ಪಂಪಿಗೆ ಕುದ್ರೆ ಗಾಡಿ ಬೇಕಾಗಿತ್ತು ಕಣೇ. ಕಾಡೊಳಕ್ಕೆ ಗಾಡಿ ಹೋಗ್ತದಾ? ಅದ್ಕೇ ಕೆನಡಾದೋರು ದೋಣಿ ಇಂಜಿನ್ನಿಗೆ ಪಂಪು ಕೂಡ್ಸಿ ಬೆನ್ ಮೇಲೆ ಹೊತ್ಕೊಂಡು ಹೊಂಟ್ರು!"

"ಅಂಗಾದ್ರೆ ಮುಂದಿನ ಸಲ ದೋಣಿ ತಂದ್ಬುಡಿ!"

ನಮ್ಮ ಸೀಮೆಯಲ್ಲಿ ಇರುವುದು ಬೋಳು ಬಂಡೆಯ ಗುಡ್ಡ, ಅದರ ಸುತ್ತ ಒಣ ಬಾದೆಹುಲ್ಲು. ಕಾಡೆಲ್ಲಿಂದ ತರುವುದು? ಮಾವ ಬಿಟ್ಟಾರೆಯೇ! ಊರ ಹಿರಿಯರನ್ನೆಲ್ಲ ಬಾವಿ ಹತ್ತಿರ ಕರೆದು ಪ್ರದರ್ಶನವಿಟ್ಟರು. ಇಂಜಿನ್ ಹತ್ತಿಸುವ ಹಗ್ಗ ಎಳೆದರು, ಎಳೆದರು. ಪಂಪು ಕೆಮ್ಮಿತು, ಹೊಗೆ ಕಾರಿತು, ಮಲಗಿತು. ಜನ ನಗುತ್ತಾ ಎದ್ದು ಹೊರಟಾಗ ಇದ್ದಕ್ಕಿದ್ದಂತೆ ಗುಡುಗಿತು! ಪೈಪು ಹಾವಿನಂತೆ ಎದ್ದು, ಪಕ್ಕದ ಮನೆಯ ಸಂಡಿಗೆಯನ್ನು ಚಾಪೆ ಸಮೇತ ಹಾರಿಸಿ, ಗುಡಿ ಪೂಜೆಯ ಅಯ್ನೋರ ಹಣೆಯ ವಿಭೂತಿಯನ್ನು ತೊಳೆದುಹಾಕಿತು.

"ಪ್ರೆಶರ್ ನೋಡಿದ್ರಾ!" ಎಂದು ಮಾವ ಕುಣಿದರು. ಅಯ್ನೋರು ತಿಂಗಳುಗಟ್ಟಲೆ ಮಾತು ಬಿಟ್ಟರು.

ಆ ಬೇಸಿಗೆಯ ಒಂದು ಮಧ್ಯಾಹ್ನ ಗುಡ್ಡದ ಹುಲ್ಲಿಗೆ ಬೆಂಕಿ ಬಿತ್ತು. ಗುಡ್ಡದ ಬುಡದಲ್ಲಿ ಕುರಿಹಟ್ಟಿ. ಕುರಿಗಳೆಲ್ಲ ಮೇಯಲು ಹೋಗಿದ್ದವು, ಮುಳ್ಳುಬೇಲಿಯೊಳಗೆ ಎಳೆ ಮರಿಗಳು. "ಅಯ್ಯೋ, ನನ್ ಮರಿಗಳೋ!" ಎಂದು ಹಟ್ಟಿಯ ಅಜ್ಜಿ ಎದೆ ಬಡಿದುಕೊಳ್ಳುತ್ತಿದ್ದಳು. ಜನ ಹಸಿಸೊಪ್ಪಿನಿಂದ ಬಡಿದರೂ ಬೆಂಕಿ ಬಗ್ಗಲಿಲ್ಲ.

ಮಾವ ಪಂಪನ್ನು ಬೆನ್ನಿಗೇರಿಸಿಕೊಂಡು ಓಡಿದರು. ಹಟ್ಟಿಯ ಬಾವಿಗೆ ಪೈಪು ಇಳಿಬಿಟ್ಟು ಹಗ್ಗ ಎಳೆದರು. ಕೆಮ್ಮು! ಮತ್ತೆ ಎಳೆದರು. ಹೊಗೆ!

"ಬುಡಿ ಸ್ವಾಮಿ, ಅದೆಲ್ಲಿ ಹತ್ತುತ್ತೆ!" ಎಂದರು ಯಾರೋ.

"ಕೆನಡಾದಾಗೆ ಹಿಂಗೇ ಆದಾಗ..." ಎಂದು ಮಾವ ಶುರು ಮಾಡುತ್ತಿದ್ದಂತೆ, ಕೊಡ ಹಿಡಿದು ಬಂದ ಅತ್ತೆ ಗದರಿದರು: "ಕೆನಡಾ ಆಮೇಲೆ! ಮೊದ್ಲು ಎಳೀರಿ!"

ಹತ್ತಿತು! ಮೊದಲ ನೀರಿಗೆ ಅತ್ತೆಯ ಕೊಡ ಹಾರಿತು, ಎರಡನೆಯದಕ್ಕೆ ನನ್ನ ಕನ್ನಡಕ. ಆಮೇಲೆ ಮುಳ್ಳುಬೇಲಿ ತೊಯ್ದು ತೊಪ್ಪೆಯಾಯಿತು. ಬಾವಿಯ ತಳ ಕಾಣುವ ಹೊತ್ತಿಗೆ ಬೆಂಕಿ ಬೇಲಿಯ ಬಳಿಯೇ ಸತ್ತಿತ್ತು. ಪಂಪೂ ಢಮ್ಮೆಂದು ಶಾಶ್ವತವಾಗಿ ನಿಂತಿತು.

ಇನ್ನು ಭಾಷಣ ತಪ್ಪಿದ್ದಲ್ಲ ಎಂದುಕೊಂಡೆವು. ಆದರೆ ಮಾವ ನೇರವಾಗಿ ಹಟ್ಟಿಯೊಳಗೆ ಹೋಗಿ, ಕಿಡಿ ಬಿದ್ದು ಕಿವಿ ಸುಟ್ಟು ನಡುಗುತ್ತಿದ್ದ ಮರಿಯೊಂದನ್ನು ಮಡಿಲಿಗೆ ಹಾಕಿಕೊಂಡು, ಒದ್ದೆ ಟವೆಲ್ಲನ್ನು ಅದರ ಕಿವಿಗೆ ಒತ್ತಿದರು. ಆಗಲೇ ನಾವು ನೋಡಿದ್ದು, ಬಿಸಿ ಇಂಜಿನ್ ಹಿಡಿದು ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಅತ್ತೆ ಪಕ್ಕದಲ್ಲಿ ಕೂತು, ಆ ಕೈಯನ್ನು ಎತ್ತಿಕೊಂಡು ಮೆಲ್ಲಗೆ ಉಫ್ ಎಂದು ಊದತೊಡಗಿದರು.

"ಉರೀತದಾ?"

"ನಂದಿರ್ಲಿ ಕಣೇ," ಎಂದರು ಮಾವ. "ಇದ್ರ ಕಿವಿಗೆ ಊದು."