ಗೆರ್ಟಾಬಾಯಿಯ ಶಾವಿಗೆ

ಮಧ್ಯಾಹ್ನ ಎರಡು ಗಂಟೆ ಎಂಬ ಹೊತ್ತನ್ನು ದೇವರು ಕೆಲಸವಿಲ್ಲದ ಗಂಡಸರ ಸೊಕ್ಕು ಮುರಿಯಲೆಂದೇ ಮಾಡಿದ್ದಾನೆ. ಬೆಳಗು ಹೇಗೋ ಪಾತ್ರೆ ತೊಳೆಯುವುದರಲ್ಲಿ ಕಳೆಯುತ್ತದೆ, ಸಂಜೆಗೆ ಟಿವಿ ಇದೆ. ಎರಡು ಗಂಟೆಗೆ ಮಾತ್ರ ಯಾರೂ ದಿಕ್ಕಿಲ್ಲ. ತೊಂಬತ್ತರ ದಶಕದಲ್ಲಿ ನನ್ನ ಹೆಂಡತಿ ಸುಮಂಗಲಾ ಲಂಡನ್ನಿನ ಆಸ್ಪತ್ರೆಗೆ ಡಾಕ್ಟರಾಗಿ ಬಂದಾಗ, ಧಾರವಾಡದ ಕಾಲೇಜಿಗೆ ರಜೆ ಹಾಕಿ ಅವಳ ಬೆನ್ನು ಹತ್ತಿ ಬಂದ ಇತಿಹಾಸದ ಮಾಸ್ತರ ನಾನು. ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿ ನಾವು ಹಿಡಿದ ಮನೆಯಲ್ಲಿ ಹಗಲೆಲ್ಲ ನನ್ನನ್ನು ಮಾತನಾಡಿಸುವವರಿರಲಿಲ್ಲ. ಕಸದ ಡಬ್ಬಿಯ ಬಗ್ಗೆ ಕೌನ್ಸಿಲ್‌ನವರು ಹಂಚಿದ ಕಾಗದವನ್ನು ಮೂರು ಸಲ ಓದಿದ್ದೇನೆ. ಒಮ್ಮೆ ರಾಂಗ್ ನಂಬರ್ ಬಂದಾಗ ಆ ಪುಣ್ಯಾತ್ಮನ ಮನೆಮಂದಿಯ ಆರೋಗ್ಯ ವಿಚಾರಿಸಿದೆ. ಆತ ಹೆದರಿ ಫೋನ್ ಇಟ್ಟ.

ಇಂಥ ದಿನಗಳಲ್ಲೇ ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದ, "ನಿನಗೆ ಲಟ್ಟಿಸಲು ಬರುತ್ತದಂತೆ?" ಎಂದು ಕೇಳಿದಳು. ಹೆಸರು ಗೆರ್ಟಾ, ಜರ್ಮನಿಯವಳು. ಯುದ್ಧ ಮುಗಿದ ಮೇಲೆ ಇಂಗ್ಲಿಷ್ ಸಿಪಾಯಿಯನ್ನು ಮದುವೆಯಾಗಿ ಬಂದು, ಈಗ ಅವನನ್ನೂ ಕಳೆದುಕೊಂಡು ಒಬ್ಬಳೇ ಇದ್ದಳು. ನಾನು ಮನಸ್ಸಿನಲ್ಲೇ ಅವಳನ್ನು ಗೆರ್ಟಾಬಾಯಿ ಮಾಡಿಕೊಂಡೆ. ಅವಳಿಗೆ ಮಣಿಕಟ್ಟು ನೋವಂತೆ, ಸೂಪಿಗೆ ಹಾಕುವ ಶಾವಿಗೆ ಮಾಡಲು ಆಗುತ್ತಿಲ್ಲವಂತೆ. ಅಂತೂ ಈ ದೇಶದಲ್ಲಿ ನನ್ನ ಚಪಾತಿ ಲಟ್ಟಿಸುವ ವಿದ್ಯೆಗೂ ಒಂದು ಬೆಲೆ ಬಂತಲ್ಲ ಎಂದು ಹಿಗ್ಗಿ ಹೋದೆ.

ಹೋದರೆ ಮೈದಾಹಿಟ್ಟಿನ ಪಕ್ಕ ನಾಲ್ಕು ಮೊಟ್ಟೆ! ನಮ್ಮ ಮನೆತನದಲ್ಲಿ ಯಾರೂ ಮುಟ್ಟಿದ ವಸ್ತುವಲ್ಲ. ಮೊದಲನೆಯದನ್ನು ನಿಂಬೆಹಣ್ಣಿನಂತೆ ಹಿಂಡಿದೆ, ಅದು ಮೊಣಕೈವರೆಗೆ ಹರಿಯಿತು. ಹಿಟ್ಟು ಗಟ್ಟಿಯಾಯಿತೆಂದು ರೂಢಿಯಂತೆ ನಲ್ಲಿಗೆ ಕೈ ಹಾಕಿದರೆ, ಗೆರ್ಟಾಬಾಯಿ ನಾನು ವಿಷ ಬೆರೆಸಿದಂತೆ ಕೂಗಿಕೊಂಡಳು. ಈ ಶಾವಿಗೆಗೆ ನೀರು ಒಂದು ಹನಿಯೂ ಸಲ್ಲದು. ಮನೆಗೆ ಬಂದಾಗ ಸುಮಂಗಲಾ ಅಂಗಿ ನೋಡಿದಳು. "ನಮ್ಮ ಮನ್ಯಾಗ ತತ್ತಿ ಅನ್ನೂ ಶಬ್ದಾನ ಇರಲಿಲ್ರೀ! ಹೋಗ್ಲಿ ಬಿಡ್ರಿ, ಪಾಪ, ಮುದುಕಿ ಒಬ್ಬಾಕಿನ ಅದಾಳ. ಹೋಗಿ ಬರ್ರಿ." ಇಷ್ಟು ಸುಲಭಕ್ಕೆ ಒಪ್ಪಿದಳಲ್ಲ ಎಂದು ನನಗೇ ಆಶ್ಚರ್ಯ.

ಹೀಗೆ ಪ್ರತಿ ಗುರುವಾರ ಎರಡು ಗಂಟೆಗೆ ನನ್ನ ಪಾಳಿ. ಕೈ ಬಿದ್ದುಹೋಗುವಂತೆ ನಾದಬೇಕು, ಅರ್ಧ ತಾಸು ಮುಚ್ಚಿಡಬೇಕು, ಕೆಳಗಿನ ಮೇಜುಬಟ್ಟೆಯ ಹೂವು ಕಾಣುವಷ್ಟು ತೆಳ್ಳಗೆ ಲಟ್ಟಿಸಬೇಕು. ಆಮೇಲೆ ಕುರ್ಚಿಯ ಬೆನ್ನಿಗೆ ಹಾಕಿ ಅರ್ಧ ಒಣಗಿಸಿ, ಚಾಪೆಯಂತೆ ಸುರುಳಿ ಸುತ್ತಿ ಸಣ್ಣಗೆ ಹೆಚ್ಚಬೇಕು. ಬಿಸಿಲಿಲ್ಲದ ದೇಶ, ಒಣಗಲು ತಾಸುಗಟ್ಟಲೆ ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಅವಳು ಸತ್ತ ಅತ್ತೆಯನ್ನು ಬಯ್ಯುವಳು, ನಾನು ಧಾರವಾಡದ ಪ್ರಿನ್ಸಿಪಾಲರನ್ನು ಬಯ್ಯುವೆ. ಕೋಳಿಸೂಪು ಅವಳಿಗೆ, ನನಗೆ ಚಹಾ ಮತ್ತು ಬೈಗುಳ. "ದಪ್ಪ! ಇದು ಶಾವಿಗೆಯಲ್ಲ, ಬೂಟಿನ ಲೇಸು. ಮುಂದಿನ ಗುರುವಾರ ಬಾ."

ಎರಡನೆಯ ತಿಂಗಳಲ್ಲಿ ಒಂದು ದಿನ ಮೇಜುಬಟ್ಟೆಯ ಹೂವು ಸ್ಪಷ್ಟವಾಗಿ ಕಂಡಿತು. ಹಿಗ್ಗುವ ಬದಲು ಹೆದರಿದೆ. ಕಲಿತೆನೆಂದರೆ ಒಂದೇ ದಿನ ತಿಂಗಳಿಗಾಗುವಷ್ಟು ಒಣಗಿಸಿಟ್ಟು, ಥ್ಯಾಂಕ್ಸ್ ಹೇಳಿ ಕಳಿಸಿಬಿಡುತ್ತಾಳೆ! ಅವಳು ಆಚೆ ತಿರುಗಿದಾಗ ಹಿಟ್ಟನ್ನು ಉಂಡೆ ಕಟ್ಟಿ ಮತ್ತೆ ದಪ್ಪಗೆ ಲಟ್ಟಿಸಿದೆ. ಎಂ.ಎ. ಪಾಸಾದವನು ಫೇಲಾಗಲು ಅಷ್ಟು ಕಷ್ಟಪಟ್ಟದ್ದು ಅದೇ ಮೊದಲು. ಆದರೂ ಊರಿನ ತಮ್ಮನಿಗೆ ಕಾಗದ ಬರೆಯುವಾಗ, "ಪಾಪ, ಇಲ್ಲೊಬ್ಬ ಒಂಟಿ ಮುದುಕಿಗೆ ಜೊತೆಯಾಗಿದ್ದೇನೆ" ಎಂದೇ ಬರೆದೆ.

ಏಳು ತಿಂಗಳಾದ ಮೇಲೆ ಸುಮಂಗಲಾಗೆ ಲಂಡನ್ನಿನ ಇನ್ನೊಂದು ಮೂಲೆಯ ಆಸ್ಪತ್ರೆಗೆ ವರ್ಗವಾಯಿತು. ಕೊನೆಯ ಗುರುವಾರ ಗೆರ್ಟಾಬಾಯಿಯ ಮುಂದೆ ನನ್ನ ಮೋಸ ಒಪ್ಪಿಕೊಂಡೆ. "ಗೊತ್ತು," ಎಂದವಳೇ ಲಟ್ಟಣಿಗೆ ಕಸಿದುಕೊಂಡು, ಅದೇ ನೋವಿನ ಕೈಯಲ್ಲಿ ಎರಡೇ ನಿಮಿಷಕ್ಕೆ ಹಾಳೆಯಷ್ಟು ತೆಳ್ಳಗೆ ಲಟ್ಟಿಸಿದಳು.

"ಮಣಿಕಟ್ಟು?" ಎಂದೆ.

"ಅದಕ್ಕೇನಾಗಿದೆ? ಗಂಡ ಒಬ್ಬನೇ ಕೂತು ಮಂಕಾಗುತ್ತಿದ್ದಾನೆ, ಏನಾದರೂ ಕೆಲಸ ಹಚ್ಚಿ ಎಂದು ನಿನ್ನ ಹೆಂಡತಿ ಬಂದು ಕೇಳಿಕೊಂಡಿದ್ದಳು."

ಮೈಯೆಲ್ಲ ಉರಿದುಹೋಯಿತು. ಕೋಟು ಹಾಕಿಕೊಂಡು ಬಾಗಿಲಿಗೆ ಹೋದೆ. ಹಿಂದಿನಿಂದ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಗೆರ್ಟಾಬಾಯಿ ಮೆಲ್ಲಗೆ ಹೇಳಿದಳು: "ಅವಳು ಕೇಳಿದ್ದು ಒಂದೇ ತಿಂಗಳಿಗೆ."

ಕೋಟು ತೆಗೆದು ಕೂತೆ. ಶಾವಿಗೆ ಒಣಗಿದ ಮೇಲೆ ಇಬ್ಬರೂ ಸೇರಿ ಸುರುಳಿ ಸುತ್ತಿ ಹೆಚ್ಚಿದೆವು. ಅಷ್ಟು ದುಃಖ ನನಗೆ ಧಾರವಾಡ ಬಿಡುವಾಗಲೂ ಆಗಿರಲಿಲ್ಲ.

ಹೊಸ ಮನೆಯಲ್ಲಿ ಪೆಟ್ಟಿಗೆ ಬಿಚ್ಚುತ್ತಿದ್ದಾಗ ಸುಮಂಗಲಾ ಅಳುಕುತ್ತ, "ಇಲ್ಲಿ ಬಾಜೂಕಿನವರಿಗೂ ಒಂದ ಮಾತ ಹೇಳಿಡ್ಲೇನ್ರೀ?" ಎಂದಳು. "ನಾ ಏನ ನಿನ್ನ ಪೇಶಂಟ ಏನು?" ಎಂದು ರೇಗಿದೆ. ಹತ್ತು ನಿಮಿಷ ಬಿಟ್ಟು, ಪಾತ್ರೆ ಜೋಡಿಸುತ್ತ, ಆದಷ್ಟು ಸಹಜ ದನಿಯಲ್ಲಿ ನಾನೇ ಕೇಳಿದೆ: "ಬಲಗಡೆ ಮನ್ಯಾಗ ಯಾರಿರ್ತಾರಂತ?"