ಗಡಿಭೈರವನ ಬಾಗಿಲಲ್ಲಿ ಸರ್ವಮಂಗಳಮ್ಮ

"ಇದು ಬೀರು ಅಲ್ಲ ಕಣೇ, ವಲಸೆ ಅಧಿಕಾರಿ!"

ಹಾಗೆಂದು ಫಾಲಾಕ್ಷಯ್ಯ ಮುಂಬಾಗಿಲಿಗೆ ಇಳಿಬಿಟ್ಟಿದ್ದ ಬೆಡ್‌ಶೀಟನ್ನು ಸರ್ರನೆ ಎಳೆದರು. ಸಂತೆಯಿಂದ ಬಂದು ಮೆಟ್ಟಿಲ ಮೇಲೆ ನಿಂತಿದ್ದ ಸರ್ವಮಂಗಳಮ್ಮನ ಕಣ್ಣಿಗೆ ಬಿದ್ದದ್ದು ಮಾತ್ರ ಬೀರುವೇ. ಅದೂ ಅವರ ರೇಷ್ಮೆ ಸೀರೆಗಳ ಬೀರು! ಈಗ ಅದು ಬಾಗಿಲ ಚೌಕಟ್ಟಿನ ಪಕ್ಕ ಕಿಟಕಿಯ ಸರಳಿಗೆ ವೆಲ್ಡ್ ಆಗಿ ನಿಂತಿತ್ತು. ನೆತ್ತಿಯ ಮೇಲೆ ಕ್ಯಾಮೆರಾ ಕಣ್ಣು, ಎದೆಯಲ್ಲಿ ಸ್ಪೀಕರು, ಹೊಟ್ಟೆಯಲ್ಲಿ ಡ್ರಾಯರು. ಅಂಗಡಿ ಶಟರ್ ಎತ್ತುವ ಮೋಟರಿಗೆ ಕಟ್ಟಿದ ಎರಡು ಕಬ್ಬಿಣದ ಸರಳುಗಳು ಬಾಗಿಲಿಗೆ ಅಡ್ಡಲಾಗಿ ಕತ್ತರಿ ಹಾಕಿದ್ದವು.

"ನನ್ನ ಸೀರೆ ಎಲ್ರೀ?"

"ಮಂಚದ ಮೇಲಿದೆ. ವಿಜ್ಞಾನಕ್ಕೆ ಜಾಗ ಬೇಕಿತ್ತು. ಇವನ ಹೆಸರು ಗಡಿಭೈರವ. ಲೋಕದಲ್ಲಿರೋ ವೀಸಾ ರೂಲ್ಸೆಲ್ಲ ಇವನ ತಲೇಲಿದೆ. ಸುಳ್ಳು ಹೇಳಿದ್ರೆ ದನಿ ನಡುಗೋದರಲ್ಲೇ ಹಿಡೀತಾನೆ. ಕರೆಂಟ್ ಹೋದ್ರೂ ವಾರಗಟ್ಟಲೆ ಬ್ಯಾಟರಿ! ಬಾ, ಒಳಗೆ ಬಂದು ನೋಡು."

ಸರ್ವಮಂಗಳಮ್ಮ ಸೊಪ್ಪಿನ ಚೀಲ ಎತ್ತಿಕೊಂಡು ಒಂದು ಹೆಜ್ಜೆ ಇಟ್ಟರು. ಬೀರು ಗಂಟಲು ಸರಿಮಾಡಿಕೊಂಡಿತು.

"ಭೇಟಿಯ ಉದ್ದೇಶ?"

"ಸಾರಿಗೆ ಒಗ್ಗರಣೆ ಹಾಕೋದು!"

"ಎಷ್ಟು ದಿನ ತಂಗುವಿರಿ?"

"ಇದೇನ್ ಕೇಳ್ತೀಯೋ? ಸಾಯೋವರೆಗೂ!"

"ಅವಧಿ ಮೀರಿ ತಂಗುವ ಉದ್ದೇಶ ಸ್ಪಷ್ಟವಾಗಿದೆ. ಪ್ರವೇಶ ನಿರಾಕರಿಸಲಾಗಿದೆ," ಎಂದಿತು ಬೀರು. ಕೆಂಪು ದೀಪ ಹತ್ತಿತು. ಫಾಲಾಕ್ಷಯ್ಯ ಒಳಗಿನಿಂದ ಚಪ್ಪಾಳೆ ತಟ್ಟಿದರು.

"ನೋಡ್ದಾ! ಪಕ್ಕಾ ಏರ್‌ಪೋರ್ಟೇ! ಇಲ್ಲಿಂದ ಮುಂದೆ ಎಲ್ಲಿಗೆ ಹೋಗ್ತೀಯ ಅಂತ ಪುರಾವೆ ಕೊಟ್ಟೋರಿಗೆ ಮಾತ್ರ ಒಳಗೆ ಜಾಗ."

ಕೊನೆಗೆ ಸರ್ವಮಂಗಳಮ್ಮ, ಸಂಜೆ ಎದುರುಮನೆಗೆ ಕುಂಕುಮಕ್ಕೆ ಹೋಗುತ್ತೇನೆಂದು ಎದುರುಮನೆಯ ಜಲಜಾಕ್ಷಿಯಿಂದ ಕೂಗಿ ಸಾಕ್ಷಿ ಹೇಳಿಸಿ, ಡ್ರಾಯರಿನೊಳಗೆ ಅಂಗೈ ಚಾಚಿ ನೇರಳೆ ಬಣ್ಣದ ಮುದ್ರೆ ಒತ್ತಿಸಿಕೊಂಡು ತಮ್ಮ ಮನೆಯನ್ನು ತಾವೇ ಪ್ರವೇಶಿಸಿದರು.

ಫಾಲಾಕ್ಷಯ್ಯ ತಿಪಟೂರಿನ ಐ.ಟಿ.ಐ.ಯಲ್ಲಿ ಫಿಟ್ಟರ್ ಮೇಷ್ಟರಾಗಿದ್ದು ನಿವೃತ್ತರಾದವರು. ಅವರ ತೆಂಗಿನಕಾಯಿ ಸುಲಿಯುವ ಯಂತ್ರ ಒಮ್ಮೆ ಸೋಫಾ ಸುಲಿದಿತ್ತು. ಅದನ್ನೆಲ್ಲ ಸರ್ವಮಂಗಳಮ್ಮ ಕ್ಷಮಿಸಿದ್ದರು. ಹೋದ ವರ್ಷದ್ದನ್ನು ಮಾತ್ರ ಕ್ಷಮಿಸಿರಲಿಲ್ಲ.

ಹೋದ ವರ್ಷ ಗಂಡಹೆಂಡತಿ ಐದು ದೇಶ ಸುತ್ತಲು ಹೊರಟಿದ್ದರು. ಇಡೀ ಬೀದಿ ಹಾರ ಹಾಕಿ, ಆರತಿ ಎತ್ತಿ, ಟ್ಯಾಕ್ಸಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದಿತ್ತು. ವಿಮಾನದ ಕೌಂಟರಿನ ಹುಡುಗಿ, "ಸರ್, ಬ್ಯಾಂಕಾಕಿಗೆ ಹೋಗೋ ಟಿಕೆಟ್ ಇದೆ, ಅಲ್ಲಿಂದ ಹೊರಡೋ ಟಿಕೆಟ್ ಎಲ್ಲಿ?" ಎಂದಳು. "ಅಲ್ಲಿಗೆ ಹೋದ್ಮೇಲೆ ನೋಡ್ಕೋತೀವಮ್ಮ, ನಮಗೇನು ಬಸ್ ಹಿಡಿಯೋಕೆ ಬರಲ್ವಾ?" ಎಂದರು ಫಾಲಾಕ್ಷಯ್ಯ. ಎಷ್ಟು ಬೇಡಿಕೊಂಡರೂ ಅವಳು ವಿಮಾನ ಹತ್ತಿಸಲಿಲ್ಲ. ಬಾಡದ ಹಾರದ ಸಮೇತ ಮರಳಿದವರನ್ನು ಹಾಲಿನವನು, "ಇಷ್ಟು ಬೇಗ ಎಲ್ಲಾ ನೋಡ್ಕೊಂಡು ಬಂದ್ಬಿಟ್ರಾ?" ಎಂದು ಕೇಳಿದ್ದ! ಆಮೇಲೆ ಎಷ್ಟೋ ದಿನ ಸರ್ವಮಂಗಳಮ್ಮ ಕಸ ಚೆಲ್ಲುವುದಕ್ಕೂ ಹೊರಗೆ ಬಂದಿರಲಿಲ್ಲ.

ಈ ವರ್ಷ ಮತ್ತೆ ಅದೇ ಪ್ರವಾಸಕ್ಕೆ ಸಿದ್ಧರಾದಾಗ ಟಿಕೆಟ್ಟಿನ ಜವಾಬ್ದಾರಿಯನ್ನು ಸರ್ವಮಂಗಳಮ್ಮನೇ ಹೊತ್ತರು. ಒಂದೊಂದು ದೇಶಕ್ಕೂ ಕಾಲಿಡುವ ಮುಂಚೆಯೇ ಅಲ್ಲಿಂದ ಕಾಲು ಕೀಳುವ ಟಿಕೆಟ್ ಸಿದ್ಧ. ವೀಸಾ, ಹೋಟೆಲು, ಪಾಸ್‌ಪೋರ್ಟಿನ ಅವಧಿ, ಎಲ್ಲವೂ ಒಂದು ಕೆಂಪು ಫೈಲಿನಲ್ಲಿ. ಈ ಸಲವೂ ವಾಪಸ್ ಬಂದರೆ ಊರಲ್ಲಿ ತಲೆ ಎತ್ತಿ ಓಡಾಡುವಂತಿಲ್ಲ ಎಂಬುದು ಅವರಿಗೆ ಗೊತ್ತಿತ್ತು. "ಕಾಗದ ಇದ್ರೆ ಸಾಲ್ದು, ಉತ್ತರ ಹೇಳೋ ಅಭ್ಯಾಸ ಬೇಕು," ಎಂದು ಫಾಲಾಕ್ಷಯ್ಯ ಗಡಿಭೈರವನನ್ನು ಕಟ್ಟಿದ್ದು ಅದಕ್ಕೇ. ಹೋದ ಸಲದ ತಪ್ಪಿಗೆ ಅದು ಅವರ ಪ್ರಾಯಶ್ಚಿತ್ತ.

ಆದರೆ ಗಡಿಭೈರವನಿಗೆ ಅಭ್ಯಾಸವೂ ಒಂದೇ, ನಿಜವೂ ಒಂದೇ!

ಹೆಪ್ಪಿಗೆ ಮೊಸರು ಕೇಳಲು ಬಂದ ಜಲಜಾಕ್ಷಿಗೆ ಮುಂದಿನ ಪ್ರಯಾಣದ ಪುರಾವೆ ಬೇಕೆಂದಿತು. "ನಮ್ಮನೆಗೇ ಹೋಗ್ತೀನಪ್ಪ," ಎಂದರೆ, "ಹೊರಟ ಜಾಗಕ್ಕೇ ಮರಳುವುದು ಮುಂದಿನ ಪ್ರಯಾಣವಲ್ಲ," ಎಂದು ಹೊಸ ರೂಲ್ಸು ಹೊರಡಿಸಿತು. ಪಾಪ, ಆಕೆ ಮೂಲೆಮನೆಯವರಿಗೆ ಫೋನ್ ಮಾಡಿ, "ಇಲ್ಲಿ ಮುಗಿಸ್ಕೊಂಡು ನಿಮ್ಮನೆಗೆ ಬರ್ತೀನಿ ಅಂತ ಹೇಳ್ರೀ," ಎಂದು ಗೋಗರೆದಳು. ಹೇಳಿದ ಮೇಲೆ ಹೋಗದಿದ್ದರೆ ಆದೀತೇ? ಹೋದರೆ ಅಲ್ಲಿ ಕಾಫಿ, ಚಕ್ಕುಲಿ. ಮೊಸರು ಮನೆ ಸೇರುವಾಗ ಹಾಲು ಒಡೆದಿತ್ತು. ವಾರ ಕಳೆಯುವುದರೊಳಗೆ ಬೀದಿಯ ಅಂಗೈಗಳೆಲ್ಲ ನೇರಳೆಯಾದವು. ಮೀಟರ್ ಓದಲು ಬಂದವನಂತೂ ಹೊರಗಿನಿಂದಲೇ ನಮಸ್ಕಾರ ಹಾಕಿ ಅಂದಾಜಿನ ಬಿಲ್ಲು ಕೊಟ್ಟು ಹೋದ.

"ಇದನ್ನ ಆಫ್ ಮಾಡ್ರೀ!"

"ತಾಳೇ, ಹೊರಡೋ ದಿನ ಮಾಡಿದ್ರಾಯ್ತು. ನಿನಗಿನ್ನೂ ಉತ್ತರ ಹೇಳೋವಾಗ ಕೋಪ ಬರ್ತದೆ."

"ಬೀರು ಹತ್ರ ಮಾತಾಡೋದಂದ್ರೆ ಯಾರಿಗೆ ಬರಲ್ಲ ಕೋಪ?"

ಹೊರಡುವ ದಿನ ಬಂತು. ಬೆಳಗ್ಗೆಯೇ ಫಾಲಾಕ್ಷಯ್ಯನ ಅಕ್ಕ ಶಿವಗಂಗಮ್ಮ ತುರುವೇಕೆರೆ ಕಡೆಯ ಹಳ್ಳಿಯಿಂದ ಟ್ರಂಕು, ಹಾಸಿಗೆ ಸುರುಳಿ, ಕೊಬ್ಬರಿ ಮಿಠಾಯಿ ಡಬ್ಬಿಯ ಸಮೇತ ಬಂದಿಳಿದರು. ತಮ್ಮ ಬರುವವರೆಗೆ ಮನೆ ಕಾಯುವುದು ಅವರ ಯೋಜನೆ.

"ಯಾವಾಗ ಹೊರಡುವಿರಿ?" ಎಂದಿತು ಗಡಿಭೈರವ.

ನಮ್ಮ ಕಡೆ ಮನೆಗೆ ಬಂದ ನೆಂಟರನ್ನು ಏನು ಬೇಕಾದರೂ ಕೇಳಬಹುದು, ಇದೊಂದನ್ನು ಬಿಟ್ಟು!

"ಲೋ ಫಾಲಾಕ್ಷ!" ಶಿವಗಂಗಮ್ಮನ ಕಂಠ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತು. "ಕಾಲು ತೊಳೆಯೋಕೆ ನೀರು ಕೊಡ್ಲಿಲ್ಲ, ಆಗ್ಲೇ ಯಾವಾಗ ಹೊರಡ್ತೀಯ ಅಂತ ಕೇಳಿಸ್ತೀಯೇನೋ! ಒಡಹುಟ್ಟಿದೋಳು ಕಣೋ ನಾನು!"

"ಅಕ್ಕ, ಅದು ನಾನಲ್ಲ, ಯಂತ್ರ!"

"ಹೇಳ್ಕೊಟ್ಟೋನು ಯಾರು?"

ಮುಂದಿನ ಟಿಕೆಟ್ಟಿಲ್ಲದ ಶಿವಗಂಗಮ್ಮನಿಗೆ ಪ್ರವೇಶ ಸಿಗಲಿಲ್ಲ. ಅವರು ಜಗಲಿಯ ಮೇಲೆಯೇ ಹಾಸಿಗೆ ಬಿಚ್ಚಿ, ಟ್ರಂಕಿನ ಮೇಲೆ ಕುಳಿತು ಧರಣಿ ಹೂಡಿದರು.

ಮಧ್ಯಾಹ್ನ ಟ್ಯಾಕ್ಸಿ ಬಂತು. ಬೀದಿಯವರು ಮತ್ತೆ ಹಾರ ಹಿಡಿದು ಸೇರಿದರು, ಕೆಲವರು ಬಾಯಿಗೆ ಸೆರಗು ಒತ್ತಿಕೊಂಡು. ಫಾಲಾಕ್ಷಯ್ಯ ಸೂಟ್‌ಕೇಸುಗಳನ್ನು ಹೊರಗೆ ಸಾಗಿಸಿದರು. ಸರ್ವಮಂಗಳಮ್ಮ ದೇವರಿಗೆ ಕೈಮುಗಿದು, ಕೆಂಪು ಫೈಲನ್ನು ಎದೆಗವಚಿಕೊಂಡು, ಬಲಗಾಲಿಟ್ಟು ಹೊಸಿಲು ದಾಟಿದರು.

"ಎಲ್ಲಿಗೆ ಹೊರಟಿದ್ದೀರಿ?"

"ಅಯ್ಯಯ್ಯೋ!" ಶಿವಗಂಗಮ್ಮ ಟ್ರಂಕಿನಿಂದ ಎದ್ದೇಬಿಟ್ಟರು. "ಹೊರಟೋರನ್ನ ಎಲ್ಲಿಗೆ ಅಂತ ಕೇಳ್ತಲ್ಲೋ ಈ ಹಾಳು ಬೀರು! ದೂರ ಹೊರಟ್ರಾ ಅನ್ನಬಾರ್ದಾ? ಹೋದ ಕೆಲಸ ಕೆಡ್ತದೆ! ಮಂಗಳಾ, ಒಳಗೆ ಹೋಗಿ ಕೂತು ಒಂದು ಗುಟುಕು ನೀರು ಕುಡಿದು ಬಾರೇ!"

ಕೆಲಸ ಕೆಡುತ್ತದೆ ಎಂದ ಮೇಲೆ ಸರ್ವಮಂಗಳಮ್ಮ ಹಿಂದಿರುಗಿದರು. ಫೈಲು ತೋರಿಸಿ, ಮುದ್ರೆ ಒತ್ತಿಸಿ, ಒಳಗೆ ಹೋಗಿ ಕುಳಿತು ನೀರು ಕುಡಿದು ಹೊರಟರು.

"ಎಲ್ಲಿಗೆ ಹೊರಟಿದ್ದೀರಿ?"

"ಮತ್ತೆ ಕೇಳ್ತು! ಒಳಗೆ ಹೋಗು, ಒಳಗೆ ಹೋಗು!"

ಮತ್ತೆ ಫೈಲು, ಮತ್ತೆ ಮುದ್ರೆ, ಮತ್ತೆ ನೀರು. ಅಂಗೈ ತುಂಬಿ ಮುದ್ರೆ ಮೊಣಕೈ ತಲುಪಿತು. ಹೊಟ್ಟೆಯಲ್ಲಿ ನೀರು ಗುಳುಗುಳು ಎನ್ನತೊಡಗಿತು. ಟ್ಯಾಕ್ಸಿಯವನು ಹಾರ್ನ್ ಬಾರಿಸಿದ. ಆರತಿ ಆರಿತು.

"ಪದೇ ಪದೇ ಗಡಿ ದಾಟುತ್ತಿದ್ದೀರಿ," ಎಂದಿತು ಗಡಿಭೈರವ. "ನಿಮ್ಮ ನಡತೆ ಅನುಮಾನಾಸ್ಪದವಾಗಿದೆ."

"ನಿನ್ ಮನೆ ಕಾಯ್ವಾಗ! ರೀ, ಆಫ್ ಮಾಡ್ರೀ ಇದನ್ನ!" ಎಂದು ಸರ್ವಮಂಗಳಮ್ಮ ಒಳಗಿನಿಂದ ಕಿರುಚಿದರು.

ಸ್ವಿಚ್ಚು ಇದ್ದದ್ದು ಒಳಗೆ, ಬೀರುವಿನ ಬೆನ್ನ ಹಿಂದೆ, ಫಾಲಾಕ್ಷಯ್ಯನ ಉದ್ದ ಕೈಗೆ ಮಾತ್ರ ಎಟುಕುವ ಸಂದಿಯಲ್ಲಿ. ಅವರು ಟ್ಯಾಕ್ಸಿಯಿಂದ ಓಡಿಬಂದರು.

"ಭೇಟಿಯ ಉದ್ದೇಶ?"

"ನಿನ್ನ ಆಫ್ ಮಾಡೋದು ಕಣೋ!"

ಹೇಳಬಾರದ ಮಾತು! ಬೀರುವಿನ ಮೈಯೆಲ್ಲ ಒಮ್ಮೆ ಗಡಗಡ ಎಂದಿತು. "ಪಾಸ್‌ಪೋರ್ಟ್ ಒಳಗಿಡಿ," ಎಂದು ಡ್ರಾಯರು ಚಾಚಿತು. ಫಾಲಾಕ್ಷಯ್ಯ ಜೇಬಿನಲ್ಲಿದ್ದ ತಮ್ಮ ಪಾಸ್‌ಪೋರ್ಟನ್ನು ಆತುರದಲ್ಲಿ ಇಟ್ಟೇಬಿಟ್ಟರು.

"ಈ ಮನೆ ಯಾರದು?"

"ನಮ್ಮ ಮಾವನೋರದು."

"ನೀವು ಮೊದಲು ಬಂದದ್ದು?"

"ಮದುವೆಯಾದ ವರ್ಷ, ದೀಪಾವಳಿಗೆ. ಹೊಸ ಅಳಿಯ ಅಂತ ಕರೆದಿದ್ರು."

"ಎಷ್ಟು ದಿನಕ್ಕೆ?"

ಫಾಲಾಕ್ಷಯ್ಯ ಬೆವರಿದರು. ಸುಳ್ಳು ಹೇಳುವಂತಿಲ್ಲ, ಹಿಡಿಯುವ ವಿದ್ಯೆ ಅವರೇ ತುಂಬಿದ್ದು. "ಹಬ್ಬ... ಮುಗಿಯೋವರೆಗೆ."

"ಹಬ್ಬ ಮುಗಿಯಿತೇ?"

ಬೀದಿಯಲ್ಲಿ ಯಾರೋ ಕಿಸಕ್ಕೆಂದರು.

"ಅನಂತರ ಸ್ವಂತ ಊರಿಗೆ ಮರಳಿದ್ದು ಯಾವಾಗ?"

"ಮರಳೋದೆಲ್ಲಿ ಬಂತು!" ಜಗಲಿಯಿಂದ ಶಿವಗಂಗಮ್ಮನೇ ಉತ್ತರ ಕೊಟ್ಟರು. "ಕರೆದ ಹಬ್ಬಕ್ಕೆ ಹೋದೋನು ಇವತ್ತಿಗೂ ವಾಪಸ್ ಬಂದಿಲ್ಲ! ನಮ್ಮವ್ವ ಒಬ್ಬಟ್ಟು ಮಾಡ್ಕೊಂಡು ಎಷ್ಟು ದಿನ ಕಾದ್ಲು ಗೊತ್ತೇನೋ? ಸರಿಯಾಗಿ ಕೇಳ್ತಪ್ಪ ಬೀರು! ಇನ್ನೊಂದ್ಸಲ ಕೇಳು!"

ಡ್ರಾಯರು ಪಟ್ಟನೆ ಪಾಸ್‌ಪೋರ್ಟ್ ನುಂಗಿತು. ಸೈರನ್ ಮೊಳಗಿತು. "ಅತಿಥಿಯಾಗಿ ಬಂದು ಅವಧಿ ಮೀರಿ ತಂಗಿದ ಅಪರಾಧ! ಫಾಲಾಕ್ಷಯ್ಯನವರನ್ನು ಗಡೀಪಾರು ಮಾಡಲಾಗಿದೆ! ಬಂದ ಊರಿಗೆ ತೆರಳಿ! ಬಂದ ಊರಿಗೆ ತೆರಳಿ!"

ಫಾಲಾಕ್ಷಯ್ಯ ಡ್ರಾಯರು ಎಳೆದರು, ಗುದ್ದಿದರು, ಕೊನೆಗೆ ಬೇಡಿಕೊಂಡರು. ಅದು ಅವರೇ ಮಾಡಿದ ವೆಲ್ಡಿಂಗು, ಜಗ್ಗುವುದುಂಟೇ? ಗ್ಯಾಸ್ ಕಟರ್ ತರಿಸಿ ಕೊಯ್ಯುವಷ್ಟರಲ್ಲಿ ವಿಮಾನ ಬ್ಯಾಂಕಾಕ್ ತಲುಪಿರುತ್ತಿತ್ತು.

ಒಳಗಿದ್ದ ಸರ್ವಮಂಗಳಮ್ಮ ಸರಳುಗಳ ಸಂದಿಯಿಂದ ನೋಡಿದರು. ಅದೇ ಟ್ಯಾಕ್ಸಿ, ಅದೇ ಹಾರ, ಅದೇ ಮುಖಗಳು. ಗಂಡನ ಪೆಚ್ಚು ಮೋರೆ ಕಂಡು ಕೋಪವೂ ಬಂತು, ಅಯ್ಯೋ ಎಂದೂ ಅನ್ನಿಸಿತು.

"ನೀನು ಹೋಗು ಮಂಗಳಾ," ಎಂದರು ಫಾಲಾಕ್ಷಯ್ಯ ಮೆಲ್ಲಗೆ. "ಹೋದ ಸಲ ನನ್ನಿಂದ ಕೆಟ್ಟಿತು. ಈ ಸಲಾನೂ ನನ್ನಿಂದ ಕೆಡೋದು ಬೇಡ. ಇವನ ಹೊಟ್ಟೆ ಕೊಯ್ಸಿ ಪಾಸ್‌ಪೋರ್ಟ್ ತೆಗೆಸ್ಕೊಂಡು ನಾನು ವಿಯೆಟ್ನಾಮಿಗೆ ಬಂದು ಸೇರ್ಕೋತೀನಿ."

ಸರ್ವಮಂಗಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೊಸಿಲಿಗೆ ಬಂದರು.

"ಎಲ್ಲಿಗೆ ಹೊರಟಿದ್ದೀರಿ?"

"ಮತ್ತೆ ಕೇಳ್ತು, ಒಳಗೆ..." ಎಂದರು ಶಿವಗಂಗಮ್ಮ.

"ಇಲ್ಲ ಅತ್ತಿಗೆ, ಕೇಳ್ಲಿ. ಒಂದು ವರ್ಷದಿಂದ ಈ ಬೀದೀಲಿ ಎಲ್ರೂ ಹಿಂದಿನಿಂದ ನಕ್ರೇ ಹೊರತು ಎಲ್ಲಿಗೆ ಹೋಗ್ತೀಯ ಅಂತ ಒಬ್ರೂ ಕೇಳ್ಲಿಲ್ಲ. ಇದಾದ್ರೂ ಕೇಳ್ತಲ್ಲ! ಹೇಳ್ತೀನಿ!" ಅವರು ಫೈಲನ್ನು ಬಾವುಟದ ಹಾಗೆ ಎತ್ತಿ ಹಿಡಿದರು. "ಥಾಯ್ಲೆಂಡಿಗೆ! ಅಲ್ಲಿಂದ ಕಾಂಬೋಡಿಯಾಕ್ಕೆ, ತಗೋ ಟಿಕೆಟ್ಟು! ಅಲ್ಲಿಂದ ವಿಯೆಟ್ನಾಮಿಗೆ, ತಗೋ! ಅಲ್ಲಿಂದ ಮಲೇಷ್ಯಾ, ಅಲ್ಲಿಂದ ಇಂಡೋನೇಷ್ಯಾ! ಸಮುದ್ರದಲ್ಲಿ ಕಾಲಾಡಿಸ್ಕೊಂಡು ಕೂತು, ಯಾರಿಗೂ ಒಗ್ಗರಣೆ ಹಾಕದೆ, ಎಳನೀರು ಕುಡಿದು, ವಾಪಸ್ ಬರ್ತೀನಿ. ಅದಕ್ಕೂ ಟಿಕೆಟ್ ಇದೆ! ಇನ್ನೇನಾದ್ರೂ ಕೇಳೋದಿದ್ಯಾ?"

ಕ್ಯಾಮೆರಾ ಕಣ್ಣು ಎರಡು ಸಲ ಮಿಟುಕಿತು. "ಇಲ್ಲ. ಶುಭ ಪ್ರಯಾಣ," ಎಂದಿತು ಗಡಿಭೈರವ. ಸರಳುಗಳು ಮೇಲೆದ್ದವು. ಬೀದಿಯವರು ಶಿಳ್ಳೆ ಹೊಡೆದರು! ಟ್ಯಾಕ್ಸಿ ತಿರುವಿನಲ್ಲಿ ಮರೆಯಾಗುವಾಗ ಶಿವಗಂಗಮ್ಮ ತಮ್ಮನ ರಟ್ಟೆ ಹಿಡಿದು, "ನಡಿಯೋ ಊರಿಗೆ, ಹಬ್ಬ ಮುಗೀತು," ಎನ್ನುತ್ತಿದ್ದರು.

ಬ್ಯಾಂಕಾಕಿನ ಸರತಿಯಲ್ಲಿ ಸರ್ವಮಂಗಳಮ್ಮ ಫೈಲು ತೆರೆದುಕೊಂಡೇ ನಿಂತಿದ್ದರು. ಉತ್ತರಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಗಾಜಿನ ಹಿಂದಿನ ಅಧಿಕಾರಿ ಪಾಸ್‌ಪೋರ್ಟ್ ತೆಗೆದುಕೊಂಡ, ಮುಖ ನೋಡಿದ, ಆಕಳಿಸಿದ, ಮುದ್ರೆ ಒತ್ತಿದ, ಮುಂದೆ ಹೋಗಿ ಎಂದು ಕೈಯಾಡಿಸಿದ. ಸರ್ವಮಂಗಳಮ್ಮ ಕದಲಲಿಲ್ಲ. ತಾವಾಗಿಯೇ ಕಾಂಬೋಡಿಯಾದ ಟಿಕೆಟ್ಟನ್ನು ಗಾಜಿಗೆ ಒತ್ತಿ ಹಿಡಿದರು. ಅವನು ಅದರತ್ತ ತಿರುಗಿಯೂ ನೋಡದೆ ಮತ್ತೆ ಕೈಯಾಡಿಸಿದ.

ಹೊರಗೆ ಬಂದವರೇ ಮನೆಗೆ, ಅಂದರೆ ಅತ್ತಿಗೆಯ ಹಳ್ಳಿಗೆ, ಫೋನ್ ಹಚ್ಚಿದರು. ಫಾಲಾಕ್ಷಯ್ಯ ಬಾಯಲ್ಲಿ ಒಬ್ಬಟ್ಟು ಇಟ್ಟುಕೊಂಡೇ, "ಏನೇನ್ ಕೇಳಿದ್ರು? ಅಭ್ಯಾಸ ಉಪಯೋಗಕ್ಕೆ ಬಂತಾ?" ಎಂದು ಕಾತರದಿಂದ ಕೇಳಿದರು. ಏನೂ ಕೇಳಲಿಲ್ಲ ಎನ್ನಲು ಸರ್ವಮಂಗಳಮ್ಮನಿಗೆ ಮನಸ್ಸು ಬರಲಿಲ್ಲ.

"ಒಂದೇ ಒಂದು ಕೇಳಿದ್ರು ಕಣ್ರೀ. ಯಜಮಾನ್ರು ಯಾಕೆ ಬರ್ಲಿಲ್ಲ ಅಂತ."

"ನೀನೇನಂದೆ?"

"ಗಡೀಪಾರಾಗಿದಾರೆ ಅಂದೆ. ಪಾಪ, ತಕ್ಷಣ ಮುದ್ರೆ ಒತ್ಬಿಟ್ರು!"